ಬನ್ನೇರುಘಟ್ಟದ ಅಂಚಿನ ಗ್ರಾಮಗಳಲ್ಲಿ ಆನೆ ಚಿರತೆಗಳ ಸಂಚಾರವೂ ಭೂಮಾಲಿಕರ ಕರ್ತವ್ಯವೂ

ರಾಗಿಯು ತೆನೆಗಟ್ಟಿ ಹಾಲು ತುಂಬುವ ಕಾಲವು ಸಮೀಪಿಸಿತೆಂದರೆ ಆನೇಕಲ್ಲು, ಹಾರೋಹಳ್ಳಿ, ಕನಕಪುರ ಸೀಮೆಗಳ ಕಾಡಂಚಿನ ರೈತರಿಗೆ ರಾತ್ರಿಯ ನಿದ್ರೆಯು ದೂರವಾಗುವುದು. ಜಿಗಣಿ, ಬೊಮ್ಮಸಂದ್ರಗಳ ಕಾರ್ಖಾನೆಗಳ ದೀಪಗಳು ಒಂದು ಕಡೆ ಹಗಲಿನಂತೆ ಉರಿಯುತ್ತಿರುವಾಗ, ಅಲ್ಲಿಂದ ಕೆಲವೇ ಮೈಲಿಗಳ ಅಂತರದಲ್ಲಿ ಅಟ್ಟಣೆಯ ಮೇಲೆ ಕುಳಿತು ತಮಟೆ ಬಡಿಯುವವರೂ ಇರುವರು. ಇಂಥ ಎರಡು ಲೋಕಗಳು ಒಂದೇ ತಾಲ್ಲೂಕಿನಲ್ಲಿ ಒಂದನ್ನೊಂದು ತಾಗಿಕೊಂಡಿರುವುದು ನಮ್ಮ ದೇಶದಲ್ಲಿ ಬಹಳ ಕಡೆ ಕಾಣತಕ್ಕದ್ದಲ್ಲ. ಆನೆಯು ಏಕೆ ಬರುತ್ತದೆ, ಎಲ್ಲಿಂದ ಬರುತ್ತದೆ, ಯಾವ ಆನೆ ಬರುತ್ತದೆ. ಚಿರತೆಯು ಊರ ಬಳಿ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆಗಳಿಗೆ ಕಳೆದ ನಾಲ್ಕು ದಶಕಗಳ ಸಂಶೋಧನೆಗಳಿಂದ ಸ್ಪಷ್ಟವಾದ ಉತ್ತರಗಳು ದೊರೆತಿವೆ. ಗ್ರಾಮದ ಮುಖಂಡರೂ ಭೂಮಾಲಿಕರೂ ಅವುಗಳನ್ನು ತಿಳಿದು ತಮ್ಮ ಗ್ರಾಮಸ್ಥರಿಗೂ ತಿಳಿಯಪಡಿಸಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯಲಾಗಿದೆ.

ಮೊದಲು ಕಾಡಿನ ಆಕಾರವನ್ನು ಗಮನಿಸಬೇಕು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವು 1974ನೆಯ ಇಸವಿಯಲ್ಲಿ ಸ್ಥಾಪಿತವಾದಾಗ ಅದರ ವಿಸ್ತೀರ್ಣವು ಸುಮಾರು 104 ಚದರ ಕಿಲೋಮೀಟರುಗಳಿದ್ದಿತು. ತರುವಾಯ ದಕ್ಷಿಣದ ಅರಣ್ಯಗಳು ಸೇರಿ ಈಗ 260 ಚದರ ಕಿಲೋಮೀಟರುಗಳಷ್ಟಾಗಿದೆ. ಮೂಲದ ಆ ಕಾಡು ಉತ್ತರ ದಕ್ಷಿಣವಾಗಿ ಸುಮಾರು 26 ಕಿಲೋಮೀಟರು ಉದ್ದವಾಗಿದ್ದು, ಅಗಲವಾದ ಸ್ಥಳದಲ್ಲಿ ಸುಮಾರು 5 ಕಿಲೋಮೀಟರು, ಕಿರಿದಾದ ಸ್ಥಳದಲ್ಲಿ ಅರ್ಧ ಕಿಲೋಮೀಟರಿಗೂ ಕಡಮೆ ಇರುತ್ತದೆ. ಒಂದು ಹಸುರು ದಾರವನ್ನು ನೆಲದ ಮೇಲೆ ಎಳೆದಂತೆ ಎಂದರೂ ಸಲ್ಲುವುದು. ಈ ಆಕಾರದ ಫಲವೇನೆಂಬುದನ್ನು ಒಂದು ಸಾಧಾರಣ ಲೆಕ್ಕದಿಂದ ತಿಳಿಯಬಹುದು. 10 ಕಿಲೋಮೀಟರು ಉದ್ದ, 10 ಕಿಲೋಮೀಟರು ಅಗಲದ ಚೌಕವಾದ ಕಾಡಿಗೆ ಸುತ್ತಳತೆಯು 40 ಕಿಲೋಮೀಟರು. ಅದೇ 100 ಚದರ ಕಿಲೋಮೀಟರನ್ನು 50 ಕಿಲೋಮೀಟರು ಉದ್ದ, 2 ಕಿಲೋಮೀಟರು ಅಗಲದ ಪಟ್ಟಿಯಾಗಿ ಎಳೆದರೆ ಸುತ್ತಳತೆಯು 104 ಕಿಲೋಮೀಟರಾಗುವುದು. ಕಾಡಿನ ಪ್ರಮಾಣವು ಒಂದೇ. ಹೊಲವನ್ನು ತಾಗುವ ಗಡಿಯು ಮಾತ್ರ ಎರಡೂವರೆ ಪಾಲಿಗೂ ಮಿಕ್ಕಿದ್ದು. ಪಟ್ಟಿಯಂತಹ ಕಾಡಿನಲ್ಲಿ ಯಾವ ಸ್ಥಳದಲ್ಲಿ ನಿಂತ ಆನೆಗೂ ರಾಗಿಯ ಹೊಲವು ಒಂದು ಗಂಟೆಯ ನಡಿಗೆಯೊಳಗೇ ಇರುತ್ತದೆ. ಬನ್ನೇರುಘಟ್ಟದ ಅಂಚಿನ ರೈತನ ಕಷ್ಟದ ಒಂದು ದೊಡ್ಡ ಭಾಗವು ಈ ಲೆಕ್ಕದಲ್ಲಿಯೇ ಅಡಗಿದೆ.

ಆದರೆ ಈ ಕಾಡು ಒಂಟಿಯಾದುದಲ್ಲ. ದಕ್ಷಿಣಕ್ಕೆ ಅದು ಬಿಳಿಕಲ್ಲಿನ ಕಾಡುಗಳ ಮೂಲಕ ಕಾವೇರಿ ವನ್ಯಜೀವಿಧಾಮಕ್ಕೂ, ಆಗ್ನೇಯಕ್ಕೆ ತಳಿ, ಜವಳಗಿರಿಗಳ ಮೂಲಕ ತಮಿಳುನಾಡಿನ ಹೊಸೂರು ಸೀಮೆಯ ಕಾಡುಗಳಿಗೂ ಕೂಡಿಕೊಂಡಿದೆ. ಕಾವೇರಿಯಿಂದಾಚೆಗೆ ಮಲೆ ಮಹದೇಶ್ವರನ ಬೆಟ್ಟ, ಬಿಳಿಗಿರಿರಂಗನ ಬೆಟ್ಟಗಳವರೆಗೂ ಆನೆಗಳ ನಾಡು ಹಬ್ಬಿರುತ್ತದೆ. ಬೆಂಗಳೂರಿನ ಬಳಿಯ ಈ ಮೂಲೆಯು ಆ ದೊಡ್ಡ ನಾಡಿನ ತುದಿಯ ಬೆರಳು ಮಾತ್ರವಾಗಿದೆ. ಮಳೆಗಾಲವು ಕಳೆದು ರಾಗಿ ಬೆಳೆಯುವ ತಿಂಗಳುಗಳಲ್ಲಿ ಆನೆಗಳು ಬನ್ನೇರುಘಟ್ಟದ ಕಡೆಯಿಂದ ಜವಳಗಿರಿಯನ್ನು ದಾಟಿ ಹೊಸೂರಿನ ಕಡೆಗೆ ಹೋಗುವುದೂ, ಬೇಸಗೆಯು ಸಮೀಪಿಸುತ್ತಲೂ ಹಿಂದಿರುಗುವುದೂ ಪ್ರತಿವರ್ಷವೂ ಕಂಡುಬರುವ ಸಂಗತಿ. ಕೆಲವು ಸಲಗಗಳು ಕೆರೆಯಿಂದ ಕೆರೆಗೆ ನಡೆಯುತ್ತ ಕೋಲಾರ, ತುಮಕೂರು ಜಿಲ್ಲೆಗಳವರೆಗೂ ಹೋಗಿರುವುದುಂಟು.

ಆನೆಯ ದಾರಿಯನ್ನು ತಿಳಿಯುವ ಪ್ರಯತ್ನವು ನಮ್ಮ ನಾಡಿಗೆ ಹೊಸತಲ್ಲ. ಮೈಸೂರು ಸಂಸ್ಥಾನದಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿಯು 1870ರ ದಶಕದಲ್ಲಿ ಖೆಡ್ಡಾ ವ್ಯವಸ್ಥೆಯನ್ನು ನೆಲೆಗೊಳಿಸಿದಂದಿನಿಂದ, 1971ರಲ್ಲಿ ಕಾಕನಕೋಟೆಯ ಕಡೆಯ ಖೆಡ್ಡಾ ನಡೆಯುವವರೆಗೂ, ಆನೆಯ ಹಾದಿಯನ್ನು ಗುರುತಿಸುವುದೇ ಕೆಲಸದ ಮೊದಲ ಮೆಟ್ಟಿಲಾಗಿದ್ದಿತು. ಅಂದು ಹಿಡಿಯುವುದಕ್ಕಾಗಿ ಕಲಿತ ವಿದ್ಯೆಯನ್ನು ಇಂದು ಬಿಡುವುದಕ್ಕಾಗಿ ಬಳಸಬೇಕಾಗಿದೆ.

ಬೆಳೆಗೆ ಬೀಳುವ ಆನೆಯ ಸ್ವಭಾವವನ್ನು ಶಾಸ್ತ್ರೀಯವಾಗಿ ಅಳೆದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರರು ಮೊದಲಿಗರು. ಅವರು 1980ರ ದಶಕದ ಮೊದಲ ವರ್ಷಗಳಲ್ಲಿ ಬಿಳಿಗಿರಿರಂಗನ ಬೆಟ್ಟ ಮತ್ತು ಅದರ ನೆರೆಯ ಕಾಡುಗಳಲ್ಲಿ ಆನೆಗಳನ್ನು ಹಿಂಬಾಲಿಸಿ, ಹೊಲಹೊಲಕ್ಕೂ ಹೋಗಿ ನಷ್ಟವನ್ನು ಲೆಕ್ಕಹಾಕಿದರು. ಪ್ರಾಯದ ಗಂಡಾನೆಯು ಸರಾಸರಿ ವರ್ಷದಲ್ಲಿ 49 ರಾತ್ರಿಗಳು ಹೊಲಕ್ಕೆ ನುಗ್ಗಿದರೆ, ತಾಯಿಮರಿಗಳ ಹಿಂಡಿನ ಆನೆಯು 8 ರಾತ್ರಿಗಳು ಮಾತ್ರ ನುಗ್ಗುತ್ತಿದ್ದಿತು. ಹಿಂಡು ದೊಡ್ಡದಾಗಿ ಕಾಣುವುದರಿಂದಲೂ ಒಂದೇ ರಾತ್ರಿಯಲ್ಲಿ ಹೊಲವನ್ನೆಲ್ಲ ತುಳಿಯುವುದರಿಂದಲೂ ರೈತರ ಭಯವು ಹಿಂಡಿನ ಮೇಲಿರುವುದು ಸಹಜವೇ. ಆದರೂ ಪದೇಪದೇ ಬರುವವನು ಸಲಗನು. ಇದಕ್ಕೆ ಕಾರಣವೂ ಉಂಟು. ರಾಗಿ ಮೊದಲಾದ ಬೆಳೆಗಳಲ್ಲಿ ಸಸಾರಜನಕವೂ ಸುಣ್ಣದ ಅಂಶವೂ ಉಪ್ಪಿನ ಅಂಶವೂ ಕಾಡುಹುಲ್ಲಿಗಿಂತ ಹೆಚ್ಚೆಂಬುದನ್ನು ಸುಕುಮಾರರು ಪರೀಕ್ಷೆಯಿಂದ ತೋರಿಸಿದರು. ಗಂಡಾನೆಗೆ ದೇಹವು ದೊಡ್ಡದಾದಷ್ಟೂ ಹೆಣ್ಣಾನೆಯನ್ನು ಪಡೆಯುವ ಅವಕಾಶವು ಹೆಚ್ಚು. ಆದುದರಿಂದ ಅದು ಪ್ರಾಣಾಪಾಯವನ್ನು ಲೆಕ್ಕಿಸದೆ ಉತ್ತಮವಾದ ಮೇವಿಗೆ ಬರುವುದು; ಮರಿಯಿರುವ ತಾಯಿಯು ಹಿಂದೇಟು ಹಾಕುವುದು. ನಾವು ಎಕರೆಗೆ ಹೆಚ್ಚು ಇಳುವರಿ ಬರಲೆಂದು ತಳಿಯನ್ನು ಉತ್ತಮಪಡಿಸಿ ಗೊಬ್ಬರವನ್ನು ಹಾಕುವೆವಷ್ಟೆ. ಆ ಉತ್ತಮಿಕೆಯು ಆನೆಯ ನಾಲಗೆಗೂ ತಿಳಿಯದೆ ಇರುವುದಿಲ್ಲ.

ಇದಕ್ಕಿಂತಲೂ ನಮ್ಮ ಸೀಮೆಗೆ ನೇರವಾಗಿ ಸಂಬಂಧಿಸಿದ ಶೋಧನೆಯೊಂದು 2019ರಲ್ಲಿ ಪ್ರಕಟವಾಯಿತು. ನಿಶಾಂತ್ ಶ್ರೀನಿವಾಸಯ್ಯ ಮತ್ತು ಅವರ ಸಹೋದ್ಯೋಗಿಗಳು ದಕ್ಷಿಣ ಭಾರತದ ಕಾಡು ಹಾಗೂ ಬೇಸಾಯದ ಪ್ರದೇಶಗಳಲ್ಲಿ 23 ತಿಂಗಳುಗಳ ಕಾಲ ಗಂಡಾನೆಗಳ ಛಾಯಾಚಿತ್ರಗಳನ್ನು ತೆಗೆದು, ಕಿವಿಯ ಹರಕು, ದಂತದ ವಾಲಿಕೆ, ಬಾಲದ ಕೂದಲು ಮೊದಲಾದ ಗುರುತುಗಳಿಂದ 248 ಗಂಡಾನೆಗಳನ್ನು ಬೇರೆಬೇರೆಯಾಗಿ ಗುರುತಿಸಿದರು. ಹರೆಯಕ್ಕೆ ಬಂದ ಗಂಡಾನೆಯು ತಾಯಿಯ ಹಿಂಡನ್ನು ಬಿಟ್ಟು ಒಂಟಿಯಾಗಿ ತಿರುಗುವುದೆಂದು ಹಿಂದಿನಿಂದಲೂ ಎಲ್ಲರೂ ತಿಳಿದಿದ್ದರು. ಕಾಡಿನೊಳಗೆ ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಬೇಸಾಯದ ಪ್ರದೇಶಗಳಲ್ಲಿ ಇವು ಒಂಟಿತನವನ್ನು ಬಿಟ್ಟು ಗಂಡುಗಳೇ ಸೇರಿದ ಗುಂಪುಗಳನ್ನು ಕಟ್ಟಿಕೊಂಡು, ಆ ಗುಂಪುಗಳನ್ನು ಬಹುಕಾಲ ಉಳಿಸಿಕೊಂಡು ಬರುತ್ತಿರುವುದು ಕಂಡುಬಂದಿತು. ಎಳೆಯ ಗಂಡುಗಳು ಹಿರಿಯ ಗಂಡುಗಳ ಜೊತೆಯಲ್ಲಿದ್ದು, ಯಾವ ಕೆರೆಯ ಏರಿಯ ಮರಗಳಲ್ಲಿ ಹಗಲನ್ನು ಕಳೆಯಬೇಕು, ಯಾವ ಹೊತ್ತಿನಲ್ಲಿ ರಸ್ತೆಯನ್ನು ದಾಟಬೇಕು ಎಂಬುದನ್ನು ಕಲಿಯುವಂತೆ ತೋರುತ್ತದೆ. ಬೇಸಾಯದ ಸೀಮೆಯಲ್ಲಿ ತಿರುಗುವ ಗಂಡಾನೆಗಳ ಮೈಕಟ್ಟು ಉತ್ತಮವಾಗಿರುವುದೂ ಈ ಅಧ್ಯಯನದಿಂದ ಗೊತ್ತಾಯಿತು.

ಇದರಿಂದ ಗ್ರಾಮಸ್ಥರು ತಿಳಿಯಬೇಕಾದುದೇನೆಂದರೆ, ಪುಂಡಾನೆಯೊಂದನ್ನು ಹಿಡಿಸಿದ ಮಾತ್ರಕ್ಕೆ ಕಾಟವು ತೀರುವುದೆಂದು ನಂಬಲಾಗದು. ಗುಂಪಿನ ಉಳಿದವು ದಾರಿಯನ್ನು ಬಲ್ಲವು. ಮನುಷ್ಯರ ಪ್ರಾಣಕ್ಕೆ ಎರವಾದ ಆನೆಯನ್ನು ಹಿಡಿಯಬೇಕಾಗಿ ಬರುವುದುಂಟು. ಅದರ ನಿರ್ಣಯವು ಅರಣ್ಯಾಧಿಕಾರಿಗಳದು. ಬೆಳೆಯ ರಕ್ಷಣೆಗಾದರೋ ಬೇಲಿಯನ್ನೂ ಕಾವಲನ್ನೂ ಸರಿಪಡಿಸಿಕೊಳ್ಳುವುದೇ ಶಾಶ್ವತವಾದ ಕೆಲಸ.

ಬೇಲಿಯ ವಿಚಾರದಲ್ಲಿ ನಮ್ಮ ರೈತರಲ್ಲಿ ಇರುವ ಭ್ರಮೆಗಳು ಒಂದೆರಡಲ್ಲ. ಸೌರಶಕ್ತಿಯ ಬೇಲಿಯಲ್ಲಿ ಹರಿಯುವ ವಿದ್ಯುತ್ತು ಬಿಟ್ಟುಬಿಟ್ಟು, ಸುಮಾರು ಸೆಕೆಂಡಿಗೊಮ್ಮೆ ಮಿಡಿಯುವ ಅತಿ ಕ್ಷಣಿಕವಾದ ಪೆಟ್ಟು. ಅದು ನೋಯಿಸುತ್ತದೆ, ಕೊಲ್ಲುವುದಿಲ್ಲ. ಕಂಬದಿಂದ ನೇರವಾಗಿ ತಂತಿಗೆ ಎಳೆದ ವಿದ್ಯುತ್ತು ಆನೆಯನ್ನೂ ಕೊಲ್ಲುತ್ತದೆ, ಬೆಳಗ್ಗೆ ನೀರು ಹಾಯಿಸಲು ಬಂದ ಮನೆಯವರನ್ನೂ ಕೊಲ್ಲುತ್ತದೆ. ಹೀಗೆ ತಂತಿಗೆ ವಿದ್ಯುತ್ತನ್ನು ಕೊಡುವುದು ಘೋರ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಆನೆಯೂ ಚಿರತೆಯೂ ಮೊದಲನೆಯ ಅನುಸೂಚಿಗೆ ಸೇರಿದ ಪ್ರಾಣಿಗಳಾಗಿದ್ದು, ಅವುಗಳನ್ನು ಕೊಂದವರಿಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸವೂ, 2022ರ ತಿದ್ದುಪಡಿಯ ಮೇರೆಗೆ 25,000 ರೂಪಾಯಿಗಳಿಗೆ ಕಡಮೆಯಿಲ್ಲದ ಜುಲ್ಮಾನೆಯೂ ವಿಧಿಸಲ್ಪಡುವುವು. ತನ್ನ ಜಮೀನಿನಲ್ಲಿ ಗುತ್ತಿಗೆದಾರನು ಇಂಥ ತಂತಿಯನ್ನು ಕಟ್ಟಿರುವುದು ತಿಳಿದೊಡನೆ ಜಮೀನಿನ ಯಜಮಾನನು ಅದನ್ನು ಬಿಚ್ಚಿಸತಕ್ಕದ್ದು.

ಸೌರಬೇಲಿಯೂ ಕಟ್ಟಿದ ಮಾತ್ರಕ್ಕೆ ಕೆಲಸ ಮಾಡುವುದಿಲ್ಲ. ಹುಲ್ಲು ಬಳ್ಳಿಗಳು ತಂತಿಯನ್ನು ತಾಗಿದರೆ ವಿದ್ಯುತ್ತು ನೆಲಕ್ಕೆ ಸೋರಿ ಪೆಟ್ಟಿನ ಬಲವು ತಗ್ಗುವುದು. ದಂತದಲ್ಲಿ ವಿದ್ಯುತ್ತು ಹರಿಯದೆಂಬುದನ್ನು ಕೆಲವು ಸಲಗಗಳು ಕಂಡುಕೊಂಡು ದಂತದಿಂದಲೇ ತಂತಿಯನ್ನು ಕೀಳುವುವು. ಬೇರೆ ಕೆಲವು ಪಕ್ಕದ ಮರವನ್ನು ತಂತಿಯ ಮೇಲೆ ಕೆಡಹಿ ದಾಟುವುವು. ಬೇಲಿಯ ಪಕ್ಕದಲ್ಲಿ ದುರ್ಬಲವಾದ ಮರಗಳಿರಬಾರದು. ಕಂಬಕ್ಕೂ ಕಾವಲಿನ ತಂತಿಯನ್ನು ಸುತ್ತಿರಬೇಕು. ಆನೆ ಕಂದಕಗಳ ಗತಿಯೂ ಹೀಗೆಯೇ. ಸುಮಾರು 3 ಮೀಟರು ಅಗಲ, 3 ಮೀಟರು ಆಳವಾಗಿ ತೋಡಿದ ಕಂದಕವು ಗಟ್ಟಿನೆಲದಲ್ಲಿ ವರ್ಷಗಟ್ಟಲೆ ನಿಲ್ಲುವುದು. ಸಡಿಲವಾದ ಮಣ್ಣಿನಲ್ಲಿ ಎರಡು ಮಳೆಗಾಲಗಳಲ್ಲಿ ತುಂಬಿಹೋಗುವುದು. ಬಂಡೆ ಸಿಕ್ಕಿದಲ್ಲಿ ತೋಡುವವರು ಬಿಟ್ಟ ಹತ್ತು ಮಾರು ಜಾಗವೇ ಆನೆಗೆ ಹೆಬ್ಬಾಗಿಲಾಗುವುದು. ದನ ಮೇಯಿಸುವವರೂ ಸೌದೆ ತರುವವರೂ ಕಾಲುದಾರಿಗಾಗಿ ಅಂಚನ್ನು ಕೆಡಹುವುದು ಎಲ್ಲ ಊರುಗಳಲ್ಲಿಯೂ ಉಂಟು. ನೂರು ಮಂದಿಯ ಬೆಳೆಯು ಒಬ್ಬನ ಕಾಲುದಾರಿಯಿಂದ ಹಾಳಾಗುವುದನ್ನು ತಡೆಯುವ ಅಧಿಕಾರವೂ ಮರ್ಯಾದೆಯೂ ಗ್ರಾಮದ ಮುಖಂಡರಿಗೆ ಉಂಟು, ಅದನ್ನು ಉಪಯೋಗಿಸಬೇಕು. ಸರ್ಕಾರವು ಬೇಲಿಯನ್ನು ಕಟ್ಟಿಕೊಟ್ಟರೂ ಪ್ರತಿವಾರವೂ ಅದರ ಉದ್ದಕ್ಕೆ ನಡೆದು ಬರುವ ಮನುಷ್ಯನನ್ನು ಗೊತ್ತುಮಾಡಬೇಕಾದುದು ಊರೇ.

ಜೇನುಪೆಟ್ಟಿಗೆಗಳ ಬೇಲಿಯನ್ನೂ ಇಲ್ಲಿ ಹೇಳಬಹುದು. ಆಫ್ರಿಕಾದ ಕೀನ್ಯಾ ದೇಶದಲ್ಲಿ ಮೊದಲು ಪರೀಕ್ಷಿಸಿ ಫಲಕಂಡ ಈ ಕ್ರಮವನ್ನು 2021ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕೊಡಗಿನಲ್ಲಿ ಆರಂಭಿಸಿತು. ಆಫ್ರಿಕಾದ ಜೇನು ನಮ್ಮ ತುಡುವೆಗಿಂತ ಕೋಪಿಷ್ಠವಾದುದರಿಂದ ಅಲ್ಲಿಯಷ್ಟೇ ಫಲವನ್ನು ಇಲ್ಲಿ ನಿರೀಕ್ಷಿಸಲಾಗದು. ಜೇನುತುಪ್ಪವಂತೂ ದೊರೆಯುವುದು.

ಇನ್ನು ಚಿರತೆಯ ವಿಚಾರ. ಆನೆಯು ಕಾಡಂಚಿನವರ ಚಿಂತೆಯಾದರೆ ಚಿರತೆಯು ಕಾರ್ಖಾನೆ, ಕಚೇರಿಗಳ ನಡುವಿನ ಊರುಗಳಿಗೂ ಸೇರಿದ್ದು. 2016ನೆಯ ಫೆಬ್ರವರಿ 7ರ ಭಾನುವಾರ ವೈಟ್‌ಫೀಲ್ಡಿನ ಕಡೆಯ ಕುಂದಲಹಳ್ಳಿಯ ಶಾಲೆಯೊಂದನ್ನು ಹೊಕ್ಕ ಗಂಡು ಚಿರತೆಯು ಅದನ್ನು ಹಿಡಿಯಲು ಹೋದ ಹಲವರನ್ನು ಗಾಯಗೊಳಿಸಿದ ಮೇಲೆ ರಾತ್ರಿಯ ಹೊತ್ತಿಗೆ ಅರಿವಳಿಕೆಯ ಮದ್ದಿನಿಂದ ಸೆರೆಯಾಯಿತು. ಅಂದು ರಜೆಯ ದಿನವಾದುದು ಮಕ್ಕಳ ಪುಣ್ಯ. ಗಾಯಗೊಂಡವರಲ್ಲಿ ಚಿರತೆಗಳ ಸಂಶೋಧಕರಾದ ಸಂಜಯ್ ಗುಬ್ಬಿಯವರೂ ಒಬ್ಬರು. 2023ರ ಅಕ್ಟೋಬರಿನ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಸಿಂಗಸಂದ್ರ, ಕೂಡ್ಲು ಗೇಟುಗಳ ಬಳಿ ಮತ್ತೊಂದು ಚಿರತೆಯು ಕಾಣಿಸಿಕೊಂಡು, ನವೆಂಬರ್ 1ರಂದು ಹಿಡಿಯುವ ಪ್ರಯತ್ನದಲ್ಲಿ ಸಿಬ್ಬಂದಿಯವರ ಮೇಲೆ ಬಿದ್ದು, ಗುಂಡೇಟಿನಿಂದ ಸತ್ತಿತು. ಎರಡು ಸಂದರ್ಭಗಳಲ್ಲಿಯೂ ಪ್ರಾಣಿಯು ಕಟ್ಟಡಗಳ ನಡುವೆ ಸಿಕ್ಕಿಕೊಂಡು ಸುತ್ತಲೂ ಜನರನ್ನೇ ಕಂಡಿತ್ತು. ಅರಿವಳಿಕೆಯ ಮದ್ದು ತಗುಲಿದೊಡನೆ ಪ್ರಾಣಿಯು ಬೀಳುವುದೆಂದು ಜನರು ತಿಳಿಯುವರು. ಅದಕ್ಕೆ ಹತ್ತಾರು ನಿಮಿಷಗಳು ಬೇಕು, ಕೆರಳಿದ ಪ್ರಾಣಿಗೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಗೋಡೆಗಳ ಮೇಲೆ ಕುಳಿತು ಕೂಗುವ ಗುಂಪಿಗಿಂತ ಅಪಾಯಕರವಾದುದು ಬೇರೊಂದಿಲ್ಲ.

ಬೆಂಗಳೂರಿನ ಸುತ್ತಿನ ಚಿರತೆಗಳನ್ನು ಗುಬ್ಬಿಯವರ ನೇತೃತ್ವದ ಹೊಳೆಮತ್ತಿ ನೇಚರ್ ಫೌಂಡೇಶನ್ನಿನವರು ಸ್ವಯಂಚಾಲಿತ ಕ್ಯಾಮರಾಗಳಿಂದ ಎಣಿಸಿದ್ದಾರೆ. ಮನುಷ್ಯರ ಹೆಬ್ಬೆರಳಿನ ಗುರುತಿನಂತೆ ಒಂದೊಂದು ಚಿರತೆಯ ಮೈಚುಕ್ಕೆಗಳೂ ಬೇರೆಬೇರೆಯಾದುದರಿಂದ ಒಂದನ್ನೇ ಎರಡು ಬಾರಿ ಎಣಿಸುವ ತಪ್ಪು ಆಗದು. 2025ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಬನ್ನೇರುಘಟ್ಟವೂ ಸೇರಿ ನಗರದ ಹೊರವಲಯದಲ್ಲಿ 80ರಿಂದ 85 ಚಿರತೆಗಳಿರುತ್ತವೆ. ಇಷ್ಟು ಚಿರತೆಗಳು ಕೋಟ್ಯಂತರ ಜನರ ನಗರದ ಪಕ್ಕದಲ್ಲಿದ್ದು, ಅವುಗಳ ಸುದ್ದಿಯು ವರ್ಷಕ್ಕೆ ಕೆಲವು ಬಾರಿ ಮಾತ್ರ ಕೇಳಿಬರುವುದನ್ನು ನೋಡಿದರೆ, ಚಿರತೆಯು ಮನುಷ್ಯನನ್ನು ತಪ್ಪಿಸಿಕೊಂಡು ಬಾಳಲು ಎಷ್ಟು ಜಾಗರೂಕವಾಗಿದೆಯೆಂಬುದು ತಿಳಿಯುವುದು.

ಅದು ಊರ ಬಳಿ ಇರುವುದೇಕೆ? ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕಬ್ಬಿನ ಬಯಲಿನಲ್ಲಿ ವಿದ್ಯಾ ಆತ್ರೇಯರು ಚಿರತೆಯ ಹಿಕ್ಕೆಗಳನ್ನು ಪರೀಕ್ಷಿಸಿ ಉತ್ತರವನ್ನು ಕಂಡುಕೊಂಡರು. ಅದರ ಆಹಾರದ ತೂಕದಲ್ಲಿ 100ಕ್ಕೆ 87 ಪಾಲು ಸಾಕುಪ್ರಾಣಿಗಳೇ. ಅದರಲ್ಲಿಯೂ ನಾಯಿಯೊಂದೇ 39 ಪಾಲು. ಮೇಕೆಯು 11 ಪಾಲು ಮಾತ್ರ. ಆದುದರಿಂದ ಊರ ಹೊರಗೆ ಮಾಂಸದ ಅಂಗಡಿಯವರೂ ಛತ್ರದವರೂ ಸುರಿಯುವ ಕಸವು ನಾಯಿಗಳನ್ನು ಬೆಳೆಸುವುದು, ನಾಯಿಗಳು ಚಿರತೆಯನ್ನು ಕರೆಯುವುವು. ಆನೇಕಲ್ಲು, ಸರ್ಜಾಪುರಗಳ ಕಡೆ ರಸ್ತೆಯ ಬದಿಯಲ್ಲಿಯೂ ಪಾಳುಬಿದ್ದ ಕಲ್ಲುಗಣಿಗಳಲ್ಲಿಯೂ ರಾಶಿಬೀಳುವ ಕೋಳಿಯ ತ್ಯಾಜ್ಯವನ್ನು ನಿಲ್ಲಿಸದೆ ಬೋನು ಇರಿಸಿರೆಂದು ಅರ್ಜಿ ಕೊಡುವುದು, ಒಡೆದ ತೂಬನ್ನು ಮುಚ್ಚದೆ ಕೆರೆಗೆ ನೀರು ತುಂಬಿಸಿದಂತೆಯೇ ಸರಿ.

ಹಿಡಿದು ದೂರ ಬಿಡುವುದರಿಂದ ಆಗುವ ಅನರ್ಥವನ್ನೂ ತಿಳಿದಿರಬೇಕು. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ 2001ರಿಂದ ಚಿರತೆಗಳನ್ನು ಹಿಡಿದು ಕಾಡುಗಳಲ್ಲಿ ಬಿಡಲಾಯಿತು. ಅದಕ್ಕೆ ಮುಂಚೆ ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ಆಕ್ರಮಣಗಳು ತರುವಾಯ 17ಕ್ಕೆ ಏರಿದವು. ನೆಲೆಯನ್ನು ಕಳೆದುಕೊಂಡ ಪ್ರಾಣಿಯು ಅಪರಿಚಿತವಾದ ಸ್ಥಳದಲ್ಲಿ ದಾರಿತಪ್ಪಿ ಮನುಷ್ಯರಿಗೆ ಎದುರಾಗುವುದು; ಅದರ ಹಳೆಯ ನೆಲೆಗೆ ಬೇರೊಂದು ಎಳೆಯ ಚಿರತೆಯು ಬರುವುದು. 2009ರಲ್ಲಿ ಅಹಮದ್‌ನಗರ ಜಿಲ್ಲೆಯ ಬಾವಿಯೊಂದರಿಂದ ಎತ್ತಿದ ಗಂಡು ಚಿರತೆಗೆ ಕೊರಳಪಟ್ಟಿಯನ್ನು ತೊಡಿಸಿ ಮಾಳಶೇಜ್ ಘಾಟಿನಲ್ಲಿ ಬಿಟ್ಟಾಗ, ಅದು ಹೆದ್ದಾರಿಗಳನ್ನೂ ರೈಲುದಾರಿಯನ್ನೂ ದಾಟಿ ಸುಮಾರು 120 ಕಿಲೋಮೀಟರು ನಡೆದು ಮುಂಬಯಿಯ ಅಂಚಿನ ಕಾಡನ್ನು ಸೇರಿತು. ಆದುದರಿಂದ ಚಿರತೆಯು ಕಂಡಿತೆಂಬ ಮಾತ್ರಕ್ಕೆ ಬೋನಿಗಾಗಿ ಒತ್ತಾಯಿಸುವುದು ಯುಕ್ತವಲ್ಲ. ಕುರಿ ಕರುಗಳನ್ನು ಬಾಗಿಲೂ ಛಾವಣಿಯೂ ಉಳ್ಳ ಕೊಟ್ಟಿಗೆಯಲ್ಲಿ ಕೂಡುವುದು, ತೆರೆದ ಬಾವಿಗಳಿಗೆ ಕಟ್ಟೆಯನ್ನು ಕಟ್ಟಿಸುವುದು, ಕಾಡುಹಂದಿಗೆಂದು ತಂತಿಯ ಉರುಳನ್ನು ಒಡ್ಡದಿರುವುದು ಇವು ಮುಖ್ಯ. ಹಂದಿಯ ಉರುಳಿಗೆ ಸೊಂಟವನ್ನು ಕೊಟ್ಟು ಒದ್ದಾಡುವ ಚಿರತೆಯು ಬಿಡಿಸಿಕೊಂಡರೆ ಎದುರಿಗೆ ಬಂದವರನ್ನು ಬಿಡದು.

ಪೀಣ್ಯದ ಕಡೆಯ ಭೂಮಾಲಿಕರಿಗೆ ಆನೆ ಚಿರತೆಗಳ ಕಾಟವು ಅಷ್ಟಾಗಿ ಇಲ್ಲವಾದರೂ ಅವರಿಗೂ ಒಂದು ಮಾತನ್ನು ಹೇಳಬೇಕು. ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲಿ ಕಾಡುಪಾಪಗಳು ಇಂದಿಗೂ ಇರುವುವು. ರಾತ್ರಿಯಲ್ಲಿ ಹುಳುಗಳನ್ನು ತಿಂದು ಬಾಳುವ ಈ ಸಾಧುಪ್ರಾಣಿಯು ಜಿಗಿಯಲಾರದು. ಕೊಂಬೆಯಿಂದ ಕೊಂಬೆಗೆ ಹಿಡಿದುಕೊಂಡೇ ಹೋಗಬೇಕು. ಸಾಲಿನಲ್ಲಿ ನಾಲ್ಕು ಮರಗಳನ್ನು ಕಡಿದರೆ ಅದರ ದಾರಿಯು ಅಲ್ಲಿಗೆ ಮುಗಿಯಿತು. ಗುಂಡುತೋಪುಗಳು ಉಳಿದಿರುವ ಗ್ರಾಮಗಳವರು ಇದನ್ನು ನೆನಪಿನಲ್ಲಿಡಬೇಕು.

ಆನೆಗೂ ಇದೇ ಮಾತು, ಅಳತೆಯು ಮಾತ್ರ ದೊಡ್ಡದು. ರಾಗಿಹಳ್ಳಿಯ ಸೀಮೆಯಲ್ಲಿ ಕರಡಿಕಲ್ಲು ಮತ್ತು ಮಹದೇಶ್ವರ ಅರಣ್ಯಗಳ ನಡುವಿನ ಕಿರಿದಾದ ಭಾಗವು ಆನೆಗಳು ದಾಟುವ ಮುಖ್ಯವಾದ ಹಾದಿ. ಅಂಥ ಸ್ಥಳದಲ್ಲಿ ಒಂದು ಬಡಾವಣೆಯ ಕಾಂಪೌಂಡು, ಒಂದು ವಿಹಾರಗೃಹ, ಒಂದು ಕಲ್ಲುಗಣಿ ಬಂದರೆ ಆನೆಯು ನಿಲ್ಲುವುದಿಲ್ಲ, ಪಕ್ಕದ ಊರಿನೊಳಗಿಂದ ಹೋಗುವುದು. ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯವನ್ನು ಮೊದಲು 268.96 ಚದರ ಕಿಲೋಮೀಟರುಗಳೆಂದು ಯೋಚಿಸಲಾಗಿದ್ದು, 2020ರ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ವಲಯವು ಕಿರಿದಾದಷ್ಟೂ ಭೂಮಾಲಿಕನ ವಿವೇಕಕ್ಕೆ ಬಿಟ್ಟ ನೆಲವು ಹೆಚ್ಚಾಯಿತೆಂದೇ ತಿಳಿಯಬೇಕು. ಕಾಡಂಚಿನ ಜಮೀನಿಗೆ ಈಗ ದೊರೆಯುವ ಬೆಲೆಯನ್ನು ನೋಡಿ ಮಾರಬೇಡಿರೆಂದು ಯಾರಿಗೂ ಹೇಳಲಾಗದು. ಆದರೆ ಮಾರುವ ಮುನ್ನ, ಭೂಪರಿವರ್ತನೆಗೆ ಸಮ್ಮತಿಸುವ ಮುನ್ನ, ಗೋಮಾಳವನ್ನು ಬೇರೆ ಕೆಲಸಕ್ಕೆ ಬಿಡುವ ಮುನ್ನ, ಆ ನೆಲದಲ್ಲಿ ಆನೆಯು ನಡೆದಾಡುವುದೇ ಎಂಬುದನ್ನು ಊರಿನ ಮುದುಕರನ್ನೂ ಕುರಿ ಕಾಯುವವರನ್ನೂ ಕೇಳಿ, ವಲಯ ಅರಣ್ಯಾಧಿಕಾರಿಗೆ ಬರಹದಲ್ಲಿ ತಿಳಿಸುವುದು ಗ್ರಾಮದ ಮುಖಂಡರಿಂದ ಆಗತಕ್ಕ ಕೆಲಸ. ಮಾರಿದವನು ಹಣವನ್ನು ತೆಗೆದುಕೊಂಡು ಹೋಗುವನು. ಆನೆಯನ್ನು ಎದುರಿಸತಕ್ಕವನು ಪಕ್ಕದ ಹೊಲದವನು.

ಕೊಯಿಲಿನ ಕಾಲಕ್ಕೆ ಕೆಲವು ಸೂಚನೆಗಳು. ಕಾಡಂಚಿನ ಹೊಲಗಳವರು ಒಂದೇ ಹದದಲ್ಲಿ ಬಿತ್ತಿ ಒಟ್ಟಿಗೆ ಕೊಯ್ದರೆ ಕಾವಲಿನ ರಾತ್ರಿಗಳು ಕಡಮೆಯಾಗುವುವು; ತಡವಾಗಿ ಬಿತ್ತಿದ ಒಂಟಿ ಹೊಲಕ್ಕೆ ಸೀಮೆಯ ಆನೆಗಳೆಲ್ಲವೂ ಬರುವುವು. ಕೊಯ್ದ ತೆನೆಯನ್ನು ಹೊಲದಲ್ಲಿ ಮೆದೆಹಾಕಿ ಬಿಡದೆ ಊರ ಕಣಕ್ಕೆ ಸಾಗಿಸಬೇಕು. ಕಾವಲಿಗೆ ಒಬ್ಬನೇ ಹೋಗಕೂಡದು, ಕುಡಿದವನಂತೂ ಹೋಗಲೇಕೂಡದು. ಆನೆಯನ್ನು ಅಟ್ಟುವಾಗ ಅದಕ್ಕೆ ಕಾಡಿನ ಕಡೆಗೆ ಒಂದು ದಾರಿಯನ್ನು ಬಿಟ್ಟಿರಬೇಕು. ನಾಲ್ಕು ಕಡೆಯಿಂದಲೂ ಕೂಗಿ ಸುತ್ತುಗಟ್ಟಿದರೆ ಅದು ಜನರ ಮೇಲೆಯೇ ಬರುವುದು. ಬೆಳೆ ನಷ್ಟವಾದಲ್ಲಿ ತುಳಿದ ಪೈರನ್ನು ಕೂಡಲೇ ಕೊಯ್ದುಬಿಡದೆ ಹೊಲವನ್ನು ಇದ್ದಂತೆಯೇ ಛಾಯಾಚಿತ್ರ ತೆಗೆದಿಟ್ಟು, ಪಹಣಿಯ ನಕಲಿನೊಡನೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿಯನ್ನು ಸಲ್ಲಿಸಿ ಮಹಜರು ಮಾಡಿಸಿಕೊಳ್ಳಬೇಕು. ಗುತ್ತಿಗೆಗೆ ಕೊಟ್ಟ ಹೊಲವಾದರೆ ಪಹಣಿಯು ಯಜಮಾನನ ಹೆಸರಿನಲ್ಲಿರುವುದರಿಂದ ಬೆಳೆದವನಿಗೆ ಪರಿಹಾರವು ದೊರೆಯದೆ ಹೋಗುವುದುಂಟು. ಯಜಮಾನನು ತಾನಾಗಿ ಮುಂದೆ ಬಂದು ಅರ್ಜಿಗೆ ರುಜು ಹಾಕಿ, ಬಂದ ಹಣವನ್ನು ನಷ್ಟವನ್ನು ಅನುಭವಿಸಿದವನಿಗೆ ಸೇರಿಸತಕ್ಕದ್ದು. ಆನೆಯಾಗಲಿ ಚಿರತೆಯಾಗಲಿ ಊರೊಳಗೆ ಕಂಡಾಗ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸುವುದು. ಈ ಸಂಖ್ಯೆಯನ್ನು ಪಂಚಾಯತಿ ಕಚೇರಿಯ ಗೋಡೆಯ ಮೇಲೆಯೂ ಹಾಲಿನ ಡೇರಿಯ ಬಾಗಿಲಲ್ಲಿಯೂ ದೊಡ್ಡಕ್ಷರಗಳಲ್ಲಿ ಬರೆಸಿಡಬೇಕು.